ಅತ್ತಿಗೆಯ ಬೂಟು

ನಮ್ಮ ಶಾಲೆಯ ಮೈದಾನದಲ್ಲಿ ಹುಲ್ಲು ಹೊಡೆಯುವ ಮಿಷನ್ ಶುರುವಾದರೆ ಸಾಕು, ಆಯಿಲ್ ಬೆರೆಸಿದ ಪೆಟ್ರೋಲಿನ ಹೊಗೆ ಕಿಟಕಿಯಿಂದ ನೇರವಾಗಿ ತರಗತಿಗೆ ಬರುತ್ತದೆ. ಮಕ್ಕಳು ಮೂಗು ಮುಚ್ಚಿಕೊಳ್ಳುತ್ತಾರೆ. ನನ್ನ ಎಡಗಾಲಿನ ಹೆಬ್ಬೆರಳು ಮಾತ್ರ ಚಪ್ಪಲಿಯೊಳಗೆ ತಾನಾಗಿಯೇ ಮಡಚಿಕೊಳ್ಳುತ್ತದೆ. ಹೋದ ವಾರವೂ ಹಾಗೇ ಆಯಿತು. ಆಗ ನಾನು ಪಾಠ ಮಾಡುತ್ತಿದ್ದದ್ದು ಚಲನೆಯ ನಿಯಮಗಳನ್ನು. ನೀವು ನಗುವುದಾದರೆ ಸ್ವಲ್ಪ ತಡೆಯಿರಿ, ನಗಲು ಇನ್ನೂ ಒಳ್ಳೆಯ ಜಾಗ ಮುಂದಿದೆ.

ನಮ್ಮ ಊರು ಪುರವರದ ಹತ್ತಿರ. ಅಪ್ಪನನ್ನು ನಮ್ಮ ಹೊಲದ ಮೂಲೆಯಲ್ಲೇ ಮಣ್ಣು ಮಾಡಿ, ಮೇಲೊಂದು ಕಲ್ಲು ಚಪ್ಪಡಿ ಹಾಸಿದ್ದೇವೆ. ಪಿತೃಪಕ್ಷದಲ್ಲಿ ಅಲ್ಲಿ ಎಡೆ ಇಡಬೇಕು. ಆದರೆ ಅಷ್ಟು ಹೊತ್ತಿಗೆ ಮಳೆ ಬಿದ್ದು, ಹುಲ್ಲು ಸೊಂಟಕ್ಕೆ ಬಂದು, ಜಾಲಿ ಸಸಿಗಳೆದ್ದು ಚಪ್ಪಡಿಯೇ ಕಾಣುವುದಿಲ್ಲ. ಮೊದಲೆಲ್ಲ ಮನೆಮಂದಿ ಬದುವಿನ ಮೇಲೆ ಚಪ್ಪಲಿ ಬಿಟ್ಟು, ಕುಡುಗೋಲು ಹಿಡಿದು ಹೋಗುತ್ತಿದ್ದೆವು. ಹಿರಿಯರು ಮಲಗಿರುವ ಕಡೆ ಚಪ್ಪಲಿ ಮೆಟ್ಟುವುದುಂಟೇ?

ಅಣ್ಣನ ಬೆನ್ನು ಕೈಕೊಟ್ಟ ಮೇಲೆ ಈ ಕೆಲಸ ಅತ್ತಿಗೆಯ ಪಾಲಿಗೆ ಬಂತು. ಅತ್ತಿಗೆಯ ತವರು ತೆಲುಗು ಮಾತಿನ ರಾಯಚರ್ಲು ಕಡೆ. ಅವರ ತಂಗಿ ಅಲ್ಲಿನ ಸೋಲಾರ್ ಹಲಗೆಗಳ ಮಧ್ಯೆ ಹುಲ್ಲು ಹೊಡೆಯುವ ಕೆಲಸಕ್ಕೆ ಹೋಗುತ್ತಿದ್ದಳು. ತವರಿಗೆ ಹೋದ ಅತ್ತಿಗೆ ಹದಿನೈದು ದಿನ ಅವಳ ಹಿಂದೆ ಸುತ್ತಿ ಕಲಿತು ಬಂದರು, ಬಂದವರೇ ಮಿಷನ್ ಕೊಳ್ಳಲೇಬೇಕೆಂದು ಹಟ ಹಿಡಿದರು. ಅಣ್ಣನ ಪ್ಯಾಂಟು, ಅಣ್ಣನ ಗಮ್ ಬೂಟು. ಬೂಟು ದೊಡ್ಡದಾದ್ದರಿಂದ ಅದರ ಮುಂತುದಿಗೆ ಹಳೇ ಸೀರೆಯ ಚೂರು ತುರುಕಿಕೊಳ್ಳುತ್ತಿದ್ದರು. ಕಣ್ಣಿಗೆ ದಪ್ಪ ಕನ್ನಡಕ, ಹೆಗಲಿಗೆ ಮಿಷನ್ ತೂಗುಹಾಕುವ ಬೆಲ್ಟು. ಮೊದಲ ಸಲ ಆ ವೇಷದಲ್ಲಿ ಅವರನ್ನು ಕಂಡಾಗ ನಾನು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೆ.

ಅವರು ತಲೆ ಕೆಡಿಸಿಕೊಳ್ಳಲಿಲ್ಲ. ಇಂಜಿನ್ ತಣ್ಣಗಿರುವಾಗಲೇ ಪೆಟ್ರೋಲು ಹಾಕಿ, ಕ್ಯಾನನ್ನು ದೂರದ ಹೊಂಗೆ ಮರದಡಿ ಇಟ್ಟು ಬರುವರು. ಆಮೇಲೆ ಮಿಷನ್ ಮುಟ್ಟದೆ, ಕೋಲಿನಿಂದ ಹುಲ್ಲು ಸರಿಸುತ್ತಾ ಜಾಗವನ್ನೆಲ್ಲ ತುಳಿದು, ಕಲ್ಲು, ತಂತಿ, ಬಾಟಲಿ ಚೂರು ಹೆಕ್ಕುವರು. ಅದಕ್ಕೇ ಅರ್ಧ ಗಂಟೆ. ಯಾರಾದರೂ ಹತ್ತಿರ ಸುಳಿದರೆ ಇಂಜಿನ್ನೇ ಆರಿಸಿಬಿಡುವರು. ನನ್ನಂಥ ಆತುರಗಾರನಿಗೆ ಇದೆಲ್ಲ ಮೈ ಪರಚಿಕೊಳ್ಳುವಂತಾಗುತ್ತಿತ್ತು.

ಮಿಷನ್ ಬಂದ ಮೇಲಿನ ಮೊದಲ ಪಿತೃಪಕ್ಷಕ್ಕೆ ಅವರು ಅದನ್ನು ಚಾಲೂ ಮಾಡಿ, ಬೂಟುಗಾಲಲ್ಲೇ ಅಪ್ಪನ ಸಮಾಧಿಯ ಕಡೆ ಹೊರಟಾಗ, ಚಿಕ್ಕಪ್ಪನೂ ಇಬ್ಬರು ನೆಂಟರೂ ಬದುವಿನ ಮೇಲೆ ಕೂತಿದ್ದರು. ಚಿಕ್ಕಪ್ಪ ಮುಖ ಗಂಟಿಕ್ಕಿದ. ಅವನ ಮುಖ ನೋಡಿ ನನಗೂ ಪೌರುಷ ಬಂತು.

"ಅತ್ತಿಗೆ, ಬೂಟು ಬಿಚ್ಚಿ. ಅಲ್ಲಿ ಮಲಗಿರೋದು ನಮ್ಮಪ್ಪ," ಎಂದೆ.

"ಮಿಷನ್ ತಿರುಗೋವಾಗ ಬಿಚ್ಚಕಾಗಲ್ಲ ಕಣಪ್ಪ. ನಿಂತ್ಮೇಲೆ ಬಿಚ್ತೀನಿ, ವಸಿ ತಾಳು."

"ನಮ್ಮಪ್ಪನಿಗೆ ಮರ್ಯಾದೆ ಕೊಡೋದು ನಿಮಗೆ ಗೊತ್ತಿದ್ದರೆ ತಾನೇ!"

ಎಲ್ಲರ ಮುಂದೆ ಅಂದುಬಿಟ್ಟೆ. ಅಪ್ಪ ಹಾಸಿಗೆ ಹಿಡಿದ ಎರಡು ವರ್ಷ ಅವರನ್ನು ಎತ್ತಿ ಕೂರಿಸಿ ಗಂಜಿ ಕುಡಿಸಿದ್ದು ಈ ಅತ್ತಿಗೆಯೇ. ನಾನು ಕೆಲಸಕ್ಕಿದ್ದ ಮಧುಗಿರಿಯಿಂದ ಭಾನುವಾರ ಬಾಳೆಹಣ್ಣು ಹಿಡಿದು ಬರುತ್ತಿದ್ದೆ, ಅಷ್ಟೆ. ಆ ಮಾತನ್ನು ನೆನೆದರೆ ಇವತ್ತಿಗೂ ನಾಚಿಕೆಯಾಗುತ್ತದೆ.

ಅತ್ತಿಗೆ ಮಿಷನ್ ಆರಿಸಿದರು. ಹುಲ್ಲು ಇನ್ನೂ ಉಳಿದಿತ್ತು, ಬೂಟು ಬಿಚ್ಚಲಿಲ್ಲ. ನಾನೇ ಮಿಷನ್ ಕಿತ್ತುಕೊಂಡು, ಚಪ್ಪಲಿ ಬಿಟ್ಟು, ಬೆಲ್ಟನ್ನೂ ಹಾಕಿಕೊಳ್ಳದೆ ಹೊರಟೆ. ಅವರು ಹಿಂದೆಯೇ ಓಡಿ ಬಂದು, ತಮ್ಮ ಕನ್ನಡಕ ತೆಗೆದು ನನ್ನ ಕಣ್ಣಿಗೆ ಒತ್ತಿಟ್ಟರು. "ಇದಾದ್ರೂ ಹಾಕ್ಕಳಪ್ಪ, ದಮ್ಮಯ್ಯ ಅಂತೀನಿ. ಚಪ್ಪಡಿತಾಕೆ ಮಾತ್ರ ಹೋಗ್ಬೇಡ."

ನಾನು ಮಿಷನ್ ಚಾಲೂ ಮಾಡಿ ನೇರವಾಗಿ ಚಪ್ಪಡಿಯ ಹತ್ತಿರವೇ ಹೋದೆ. ನಗುವ ಜಾಗ ಇದೇ. ವಿಜ್ಞಾನದ ಮೇಷ್ಟ್ರು, ಬರಿಗಾಲು, ಕೈಯಲ್ಲಿ ಗಿರ್ರೆಂದು ತಿರುಗುವ ಉಕ್ಕಿನ ಬ್ಲೇಡು. ಅದು ಚಪ್ಪಡಿಯ ಅಂಚಿಗೆ ತಾಗಿದ್ದೇ ಮಿಷನ್ ಒದ್ದುಕೊಂಡು ಪಕ್ಕಕ್ಕೆ ಹಾರಿತು. "ಆಪು! ಆಪು!" ಎಂದು ಅತ್ತಿಗೆ ಕಿರುಚಿದ್ದು ಕೇಳಿಸಿತು. ನಿಲ್ಲಿಸು ಎನ್ನಲೂ ಗಾಬರಿಯಾದಾಗ ಅವರಿಗೆ ಬರುವುದು ತೆಲುಗೇ. ಸಿಡಿದ ಕಲ್ಲಿನ ಒಂದು ಚೂರು ನನ್ನ ಹೆಬ್ಬೆರಳಿನ ಮೂಳೆ ಮುರಿದಿತ್ತು. ಇನ್ನೊಂದು ಕನ್ನಡಕದ ಬಲಗಾಜಿಗೆ ಬಡಿದು, ಉದ್ದಕ್ಕೆ ಗೀರು ಬಿಟ್ಟಿತ್ತು.

ಗೀರು ಗಾಜಿನ ಮೇಲಿತ್ತು, ಕಣ್ಣಿನ ಮೇಲಲ್ಲ. ಅತ್ತಿಗೆ ಆ ಗೀರನ್ನು ಬೆರಳಿಂದ ಮುಟ್ಟಿ ನೋಡಿದರು. ತಮ್ಮ ತಲೆಗೆ ಸುತ್ತಿದ್ದ ಟವೆಲು ಹರಿದು ನನ್ನ ಕಾಲಿಗೆ ಕಟ್ಟಿದರು. ಆಸ್ಪತ್ರೆಗೆ ಒಯ್ಯುವ ಆಟೋ ಬರುವಷ್ಟರಲ್ಲಿ, ಆ ಕನ್ನಡಕವನ್ನೇ ಹಾಕಿ, ಬೆಲ್ಟು ಏರಿಸಿ ಉಳಿದ ಹುಲ್ಲು ಹೊಡೆಯತೊಡಗಿದರು. ಬದುವಿನ ಮೇಲೆ ಕಾಲು ನೀಡಿ ಕೂತು ನೋಡಿದೆ. ಚಪ್ಪಡಿಗೆ ಇನ್ನೊಂದು ಮಾರು ಇದೆ ಎನ್ನುವಾಗ ಮಿಷನ್ ಆರಿಸಿದರು. ಬ್ಲೇಡು ಪೂರ್ತಿ ನಿಲ್ಲುವವರೆಗೂ ಕಾದರು. ಆಮೇಲೆ ಬೂಟು ಬಿಚ್ಚಿ, ಬರಿಗಾಲಲ್ಲಿ ಕುಕ್ಕರಗಾಲು ಹಾಕಿ ಕೂತು, ಆ ಕೊನೆಯ ಒಂದು ಮಾರನ್ನು ಕುಡುಗೋಲಿನಿಂದ ಕೊಯ್ದರು. ವಸಿ ತಾಳು ಅಂದಿದ್ದರು. ನಾನು ತಾಳಲಿಲ್ಲ.

ಹೋದ ವಾರ ಶಾಲೆಯಲ್ಲಿ ಹೊಗೆ ಕುಡಿದ ಸಂಜೆಯೇ ಅಣ್ಣನ ಫೋನು ಬಂತು. ಅತ್ತಿಗೆಗೆ ಪೊರೆ ತೆಗೆದಿದ್ದಾರೆ, ಕಣ್ಣಿಗೆ ಧೂಳು ಬೀಳಬಾರದಂತೆ, ಈ ಪಿತೃಪಕ್ಷಕ್ಕೆ ಹುಲ್ಲು ಹೊಡೆಯಲು ಯಾರನ್ನಾದರೂ ಕರೆಯಲೇ ಎಂದ. ನನಗೆ ಗೊತ್ತು, ಯಾರು ಬಂದರೂ ಚಪ್ಪಲಿಯಲ್ಲಿ ಬರುತ್ತಾರೆ, ಸಮಾಧಿಯ ಹತ್ತಿರ ಅದನ್ನೂ ಬಿಡುತ್ತಾರೆ. "ಯಾರೂ ಬೇಡ. ನಾನೇ ಬರುತ್ತೇನೆ," ಎಂದೆ.

ಭಾನುವಾರ ಬೆಳಿಗ್ಗೆ ಬೂಟಿನೊಳಗೆ ಕಾಲಿಟ್ಟೆ. ಸೀರೆಯ ಚೂರು ಇನ್ನೂ ಅಲ್ಲೇ ಇತ್ತು. ಬೂಟು ಬಿಗಿಯಾಯಿತು, ಆದರೂ ತೆಗೆಯಲು ಮನಸ್ಸಾಗಲಿಲ್ಲ. ಗೀರು ಬಿದ್ದ ಕನ್ನಡಕ ಹಾಕಿ, ಅರ್ಧ ಗಂಟೆ ಕಲ್ಲು ಹೆಕ್ಕಿದೆ. ಬೆಲ್ಟು ಬಿಗಿದೆ. ಚಿಕ್ಕಪ್ಪ ಬದುವಿನ ಮೇಲಿಂದ ಕೂಗಿದ:

"ಲೇ, ಓದಿದೋನಲ್ವೇನ್ಲಾ ನೀನು? ನಿಮ್ಮಪ್ಪನ್ತಾಕೆ ಬೂಟಾಕ್ಕಂಡು ಹೋಗ್ತೀಯಾ?"

"ಮಿಷನ್ ತಿರುಗೋವಾಗ ಬಿಚ್ಚಲ್ಲ ಚಿಕ್ಕಪ್ಪ. ಅಪ್ಪನ್ನ ಎರಡು ವರ್ಷ ನೋಡ್ಕಂಡೋರು ಹೇಳ್ಕೊಟ್ಟಿರೋದು. ನೀನು ಇನ್ನೂ ವಸಿ ದೂರ ಹೋಗು."

ಚಿಕ್ಕಪ್ಪ ಗೊಣಗುತ್ತಾ ಎದ್ದು ದೂರ ಹೋದ. ಹೊಂಗೆ ಮರದಡಿ ಅತ್ತಿಗೆ ಕಪ್ಪು ಕನ್ನಡಕ ಹಾಕಿ ಕೂತಿದ್ದರು. ಬಿಸಿಲಿಗೆ ಅವರಿಗೆ ಇಷ್ಟು ದೂರದ್ದು ಕಾಣುತ್ತಿರಲಿಲ್ಲ, ಸದ್ದನ್ನೇ ಆಲಿಸುತ್ತಿದ್ದರು. ಚಪ್ಪಡಿಗೆ ಒಂದು ಮಾರು ಉಳಿದಾಗ ಇಂಜಿನ್ ಆರಿಸಿದೆ.

"ನಿಂತ್ಕಂತಾ?" ಅತ್ತಿಗೆ ಕೂಗಿದರು.

ಬ್ಲೇಡು ಇನ್ನೂ ಸಣ್ಣಗೆ ತಿರುಗುತ್ತಿತ್ತು. "ಇನ್ನೂ ಇಲ್ಲ ಅತ್ತಿಗೆ," ಎಂದೆ. ತಾಳಿದೆ. ಅದು ನಿಂತಿತು.

"ಈಗ ನಿಂತೈತೆ," ಎಂದು ಕೂಗಿ ಹೇಳಿ, ಬೂಟು ಬಿಚ್ಚಿ, ಕುಡುಗೋಲು ಹಿಡಿದು ಅಪ್ಪನ ಹತ್ತಿರ ಹೋದೆ.