ಬ್ರೇಕ್ ಮಾವನ ಪ್ರಾರ್ಥನೆ

ನನ್ನ ಸೋದರಮಾವನಿಗೆ ಹೆತ್ತವರು ಇಟ್ಟ ಒಳ್ಳೆಯ ಹೆಸರೊಂದಿದೆ. ಆದರೆ ನಮ್ಮ ಮನೆಯಲ್ಲಿ ಅವರು ಬ್ರೇಕ್ ಮಾವ. ಡ್ರೈವಿಂಗ್ ಶಾಲೆಯ ಮೇಷ್ಟರು. ಕಲಿಸುವ ಕಾರಿನಲ್ಲಿ ಮೇಷ್ಟರ ಕಾಲ ಬುಡದಲ್ಲೂ ಒಂದು ಬ್ರೇಕ್ ಇರುತ್ತದೆ. ಕಲಿಯುವವರು ಕಾಂಪೌಂಡ್ ಗೋಡೆಗೆ ಗುರಿಯಿಟ್ಟಾಗೆಲ್ಲ ಮಾವ ಅದನ್ನು ಒತ್ತುತ್ತಾರೆ. ವರ್ಷಗಟ್ಟಲೆ ಒತ್ತಿ ಒತ್ತಿ ಬಲಗಾಲಿಗೆ ಅದೇ ಚಾಳಿಯಾಗಿತ್ತು. ಬಸ್ಸಿನಲ್ಲಿ ಒತ್ತುತ್ತಿದ್ದರು, ಸೋಫಾದಲ್ಲಿ ಕೂತು ಟಿವಿ ನೋಡುವಾಗಲೂ ಒತ್ತುತ್ತಿದ್ದರು. ಚರ್ಚಿನಲ್ಲಿ ಪಾದ್ರಿಗಳ ಪ್ರಸಂಗ ಉದ್ದವಾದರೆ ಬೆಂಚಿನ ಕೆಳಗೆ ಟಪ್ಪೆಂದು ಸದ್ದು. ಪಾದ್ರಿಗಳು ಮಾತ್ರ ಒಂದು ದಿನವೂ ನಿಂತವರಲ್ಲ.

ಪ್ರಾರ್ಥನೆಯಲ್ಲೂ ಮಾವ ಮೇಷ್ಟರೇ. ದೇವರೇ ಕಲಿಯಲು ಬಂದವನೇನೋ ಎಂಬಂತೆ ಅಪ್ಪಣೆ ಕೊಡುತ್ತಿದ್ದರು. ಮಗಳ ಕೆಲಸ ಹೀಗೆ ಆಗಲಿ, ತಮ್ಮನ ಜ್ವರ ಈ ವಾರವೇ ಇಳಿಯಲಿ, ಇಲ್ಲಿ ಬೇಗ, ಅಲ್ಲಿ ನಿಧಾನ. ಭಕ್ತಿಗೇನೂ ಕೊರತೆಯಿರಲಿಲ್ಲ. ಆಮೆನ್ ಅಂದ ಮೇಲೆ ದೇವರ ಮುಂದೆ ಒಂದು ಗಳಿಗೆ ಸುಮ್ಮನೆ ಕೂರಬೇಕೆಂದರೆ ಮಾತ್ರ ಮುಳ್ಳಿನ ಮೇಲೆ ಕೂತವರ ಹಾಗೆ ಆಡುತ್ತಿದ್ದರು.

ಅಂಥವರ ಬಲಗಣ್ಣಿನ ಹಿಂದಿನ ಪರದೆ ಹರಿಯಿತು. ಎಡಗಣ್ಣು ಮೊದಲಿನಿಂದಲೂ ಮಂದ. ಕಣ್ಣಿನ ಡಾಕ್ಟರಮ್ಮ ಮುಚ್ಚುಮರೆಯಿಲ್ಲದೆ ಹೇಳಿದರು: ತಡಮಾಡದೆ ನಾಳೆಯೇ ಆಪರೇಷನ್ ಆಗಬೇಕು, ಕಣ್ಣು ಮರಗಟ್ಟುವಷ್ಟು ಮಾತ್ರ ಇಂಜೆಕ್ಷನ್, ಪೂರ್ತಿ ಎಚ್ಚರವಿರುತ್ತದೆ, ಮೈ ಅಲುಗಿದರೆ ದೃಷ್ಟಿಯೇ ಹೋಗಬಹುದು. ಅವರು ಹೇಳುತ್ತಿರುವಾಗಲೇ ಮೇಜಿನ ಕೆಳಗೆ ಟಪ್ ಟಪ್. ಡಾಕ್ಟರಮ್ಮ ಬಗ್ಗಿ ನೋಡಿದರು. ನಮಗ್ಯಾರಿಗೂ ನಗು ಬರಲಿಲ್ಲ.

ಮನೆಗೆ ಬಂದವರೇ ಮಾವ ದಿವಾನಿನ ಮೇಲೆ ಅಂಗಾತ ಮಲಗಿ ಅಭ್ಯಾಸಕ್ಕಿಳಿದರು. ಕಾಲಿನ ಮೇಲೆ ಅತ್ತೆ ದಿಂಬು ಹೇರಿದರು, ದಿಂಬು ಹಾರಿತು. ಮಾವ ಹಲ್ಲು ಕಚ್ಚಿ, ಬೆವರು ಸುರಿಸಿ, ಕಾಲಿನ ಹೆಬ್ಬೆರಳನ್ನು ದುರುಗುಟ್ಟಿ ನೋಡಿದಷ್ಟೂ ಅದರ ಕುಣಿತ ಜಾಸ್ತಿಯಾಯಿತು. ಕೊನೆಗೆ ಎದ್ದು ಕೂತು ಅತ್ತೇಬಿಟ್ಟರು. ನನ್ನ ಕಣ್ಣನ್ನ ನನ್ನ ಕಾಲೇ ತಿನ್ನುತ್ತೆ ಎಂದು ಬಿಕ್ಕಿದರು. ಅಷ್ಟು ದಿನ ಅವರನ್ನು ಗೇಲಿ ಮಾಡಿದ ನಾನು ಬಿದ್ದ ದಿಂಬನ್ನು ಎತ್ತಿ ಅವರ ಬೆನ್ನಿಗಿಟ್ಟೆ.

ಅತ್ತೆ ಮಾತು ಕಡಿಮೆ. ಬಂದು ಪಕ್ಕದಲ್ಲಿ ಕೂತರು.

"ರೀ, ಕಲಿಯೋಕೆ ಬಂದವರಿಗೆ ದಿನಾ ಏನು ಹೇಳ್ತೀರಿ? ಗುಂಡಿ ನೋಡ್ಬೇಡ, ನೋಡಿದ್ರೆ ಗಾಡಿ ಗುಂಡಿಗೇ ಹೋಗುತ್ತೆ, ಹೋಗೋ ದಾರಿ ನೋಡು ಅಂತ ತಾನೆ? ಆಗಿಂದ ನೀವು ಕಾಲನ್ನೇ ನೋಡ್ತಾ ಇದ್ದೀರಿ. ಅದನ್ನ ಬಿಡಿ. ಯೇಸುವನ್ನ ನೋಡಿ."

"ನೋಡಿ, ಏನು ಕೇಳ್ಲಿ?"

"ಏನೂ ಬೇಡ. ನೋಡ್ತಾ ಇರಿ."

ಬೇರೆ ಯಾರಾದರೂ ಹೇಳಿದ್ದರೆ ಮಾವ ವಾದಕ್ಕಿಳಿಯುತ್ತಿದ್ದರು. ಆದರೆ ಪಾಠ ಅವರದೇ ಆಗಿತ್ತಲ್ಲ, ಮತ್ತೆ ಮಲಗಿದರು.

ಮರುದಿನ ಬೆಳಿಗ್ಗೆ ಅವರನ್ನು ಒಳಗೆ ಕರೆದೊಯ್ದರು. ಹೊರಗೆ ಪ್ಲಾಸ್ಟಿಕ್ ಕುರ್ಚಿಗಳ ಮೇಲೆ ನಾನು ಮತ್ತು ಅತ್ತೆ. ಅತ್ತೆ ಕಣ್ಣು ಮುಚ್ಚಿ ನೆಮ್ಮದಿಯಾಗಿ ಕೂತಿದ್ದರು. ನಾನೋ ಜೀವ ಕೈಯಲ್ಲಿ ಹಿಡಿದುಕೊಂಡಿದ್ದೆ. ಸ್ವಲ್ಪ ಹೊತ್ತಿಗೆ ನೋಡಿದರೆ ನನ್ನ ಕಾಲೇ ನೆಲ ಒತ್ತುತ್ತಿತ್ತು.

ಡಾಕ್ಟರಮ್ಮ ಹೊರಗೆ ಬಂದು, ಇಷ್ಟು ಅಲುಗದೆ ಮಲಗುವವರು ಅಪರೂಪ, ನಿದ್ದೆ ಬಂತಾ ಅಂತ ನಡುವೆ ನಾವೇ ಕೇಳಬೇಕಾಯಿತು ಅಂದರು. ಕಣ್ಣು ಉಳಿಯಿತೆಂದು ತಿಳಿದದ್ದು ಆಮೇಲೆ, ಪಟ್ಟಿ ಬಿಚ್ಚಿದಾಗ. ಆ ಸಂಜೆ ಇನ್ನೂ ಯಾರಿಗೂ ಏನೂ ಗೊತ್ತಿರಲಿಲ್ಲ. ಅತ್ತೆ ಅವರಿಗೆ ಹಾಲು ಕುಡಿಸುತ್ತಾ, ಒಳಗೆ ಏನೆಂದು ಪ್ರಾರ್ಥನೆ ಮಾಡಿದಿರಿ ಎಂದು ಕೇಳಿದರು. ಏನೋ ತಪ್ಪು ಮಾಡಿ ಸಿಕ್ಕಿಬಿದ್ದವರ ಹಾಗೆ ಮಾವ ಮುಖ ಸಣ್ಣದು ಮಾಡಿಕೊಂಡರು.

"ಸುಮ್ನೆ ಯೇಸುವಿನ ಜೊತೆ ಇದ್ದೆ ಕಣೇ. ಕಣ್ಣಿನ ವಿಷಯ ಕೇಳೋದೇ ಮರ್ತುಹೋಯ್ತು."