ಮೂರು ತೂತಿನ ಹರಳು

ನಮ್ಮ ಅತ್ತಿಯವ್ರಿಗೆ ದ್ರಾಕ್ಷಿ ಬಿಟ್ರ ಜಗತ್ತಿನ್ಯಾಗ ಒಣಗಿಸೋ ಲಾಯಕ್ಕಿನ ವಸ್ತು ಇನ್ನೊಂದಿಲ್ಲ. ತಿಕೋಟಾದ ನಮ್ಮ ಶೆಡ್ಡಿನ್ಯಾಗ ಬಲೆ ಮ್ಯಾಲ ಬಲೆ ಕಟ್ಟಿ, ನೆರಳಾಗ, ಬರೇ ಗಾಳಿಗೆ ದ್ರಾಕ್ಷಿ ಒಣಗಿಸ್ತಾರ. ಎಂದು ಇಳಿಸಬೇಕು ಅಂತ ಮುಟ್ಟಿ ನೋಡಿ ಹೇಳ್ತಾರ. ಅಂಥವ್ರ ಕೈಯಾಗ ನಾ ನನ್ನ ಪಿಎಚ್‌ಡಿ ಕೊಟ್ಟೆ.

ವಿಜಯಪುರದ ಕಾಲೇಜಿನ್ಯಾಗ ನಾ ಹರಳು ಬೆಳಸ್ತಿದ್ದೆ. ಒಂದು ಅಮೈನೊ ಆಮ್ಲ, ಒಂದು ಸತುವಿನ ಉಪ್ಪು, ಎರಡೂ ನೀರಾಗ ಕರಗಿಸಿ, ಬೀಕರ್ ಬಾಯಿಗೆ ಹಾಳಿ ಕಟ್ಟಿ, ಸೂಜಿಲೆ ಮೂರು ತೂತು ಚುಚ್ಚಿ ಇಡೋದು. ನೀರು ನಿಧಾನ ಆರಿದ್ರ ತಳಕ್ಕ ಒಂದ ದೊಡ್ಡ ಹರಳು ಕೂಡ್ತೈತಿ. ಕಣ್ಣಿಗೆ ಕಾಣದ ಲೇಸರ್ ಬೆಳಕು ಅದರಾಗ ಹಾದ್ರ ಹಸಿರಾಗಿ ಹೊರಗ ಬರಬೇಕು. ಇದಕ್ಕ ಅರೆಸಾವಯವ ಹರಳು ಅಂತಾರ ಅಂತ ಅತ್ತಿಗೆ ಹೇಳಿದೆ.

"ನಮ್ಮ ತೋಟನೂ ಅಷ್ಟ ಬಿಡವಾ, ಅರ್ಧ ಸಗಣಿ, ಅರ್ಧ ಸರ್ಕಾರಿ ಗೊಬ್ಬರ," ಅಂದ್ರು ಅತ್ತಿ.

ಕಾಲೇಜಿನ್ಯಾಗ ಎರಡು ಸಲ ಕೆಡ್ತು. ಯಾರರೆ ಬಾಗಿಲಾ ಬಡಿದ್ರ ಸಾಕು, ಬೀಕರ್ ತುಂಬ ಸಣ್ಣ ಹರಳು. ದೊಡ್ಡದೊಂದು ಇಲ್ಲದ ಪ್ರಬಂಧ ತರಬ್ಯಾಡ ಅಂತ ಗೈಡ್ ಕಡ್ಡಿ ಮುರದಂಗ ಹೇಳಿದ್ರು. ದ್ರಾಕ್ಷಿ ಕೆಲಸ ಮುಗದು ಶೆಡ್ಡು ಖಾಲಿ ಇತ್ತು. ಅಲ್ಲೇ ಮೂಲ್ಯಾಗ ಬೀಕರ್ ಇಟ್ಟು ಅತ್ತಿಗೆ ಕಾವಲು ಒಪ್ಪಿಸಿದೆ. ಬಬಲೇಶ್ವರದಿಂದ ನಮ್ಮಪ್ಪ ಬಂದ್ರೂ ಒಳಗ ಬಿಡ್ಲಿಲ್ಲ, "ಬಾಗಿಲದಾಗ ನಿಂತ ನೋಡ್ರಿ ಬೀಗರ" ಅಂದ್ರು.

ಆರು ವಾರಕ್ಕ ಶೇಂಗಾಬೀಜದಷ್ಟು ಹರಳು ಕೂತಿತ್ತು. "ನಮ್ಮ ದ್ರಾಕ್ಷಿ ಹದಿನೈದು ದಿನಕ್ಕ ಒಣಗ್ತಾವ. ಒಂದು ಕಾಳಿಗೆ ಇಷ್ಟು ದಿನಾ?" ಅಂತ ಅತ್ತಿ ದಿನಾ ಕಾಡಸೋರು. ಒಂದು ಸೋಮವಾರ ಹೋಗಿ ನೋಡಿದ್ರ ಹಾಳಿ ಜರಡಿ ಆಗೈತಿ. ನೀರು ಗಡಬಡಿಸಿ ಆರಿ, ನನ್ನ ಹರಳಿನ ಮೈತುಂಬ ಸಣ್ಣವು ಮುಕುರಿ ಕೂತಾವ.

"ಗಾಳಿ ಆಡದಿದ್ರ ಕಪ್ಪಾಗ್ತೈತಿ ಅಂತ ನಾನ ಚುಚ್ಚೀನಿ," ಅಂದ್ರು ಅತ್ತಿ.

ಸಿಟ್ಟು ನೆತ್ತಿಗೇರ್ತು. ಬೈಲಿಲ್ಲ, ಅದಕ್ಕಿಂತ ಕೆಟ್ಟದ್ದು ಮಾಡಿದೆ: ನಾಲ್ಕು ದಿನ ಮಾತು ಬಿಟ್ಟೆ. ಅತ್ತಿ ಬಿಸಿ ರೊಟ್ಟಿ ನನ್ನ ತಾಟಿಗೆ ಹಾಕಿ ಹೋಗೋರು. ನನಗ ನನ್ನ ಮ್ಯಾಲ ನಾಚಿಕಿ ಬಂತು.

ಹಸಿರು ಬರ್ತೈತೋ ಇಲ್ಲೋ ಅನ್ನೋ ಪರೀಕ್ಷೆಗೆ ಪುಡಿ ಆದ್ರೂ ನಡೀತೈತಿ. ಕೆಟ್ಟ ಹರಳನ್ನ ಅರೆದು ಲೇಸರ್ ಇದ್ದಲ್ಲಿಗೆ ಕಳಿಸಿದೆ. ಹಸಿರು ಬಂತು. ಓಡಿಬಂದು ಅತ್ತಿಗೆ ಹೇಳಿದೆ.

"ಅಂದ್ರ ಕಡೀಕ ಕುಟ್ಟೋದ ಇತ್ತು?" ಹುಬ್ಬೇರಿಸಿದ್ರು. "ಮನ್ಯಾಗ ಒಳ್ಳು ಇತ್ತಲ್ಲ."

ಆದ್ರ ಗೈಡಿಗೆ ದೊಡ್ಡ ಹರಳು ಬೇಕ ಬೇಕು. ಹೊಸ ಬೀಕರ್ ಅದ ಮೂಲ್ಯಾಗ ಇಟ್ಟೆ. ಅತ್ತಿ ಹೊರಗ ನಿಂತಿದ್ರು. ಆ ಸೋಮವಾರದಿಂದ ತಮ್ಮ ಶೆಡ್ಡಿಗೆ ತಾವ ಕಾಲಿಟ್ಟಿರ್ಲಿಲ್ಲ. ಕೈ ಹಿಡದು ಒಳಗ ಕರಕೊಂಡು ಬಂದು ಸೂಜಿ ಕೊಟ್ಟೆ.

"ಎಷ್ಟು?"

"ಮೂರ್ರಿ, ಅತ್ತಿ."

ಅತ್ತಿ ಹಾಳಿ ಮ್ಯಾಲ ಬಗ್ಗಿದ್ರು. ಎರಡು ಚುಚ್ಚಿ ಸೂಜಿ ನನಗ ವಾಪಸ್ ಕೊಟ್ರು.

"ಮೂರನೇದ್ದು ನೀ ಚುಚ್ಚವಾ. ಕೆಟ್ರ ಈ ಸಲ ಇಬ್ರೂ ಕೂಡಿ ಮಾತು ಬಿಡೋಣು."