ಭೂಮಿಯ ಮೇಲಿಲ್ಲದ ಯಂತ್ರ

ಬೇಗಂಪೇಟೆಯ ಆ ಗಣಿ ಗುತ್ತಿಗೆ ಕಂಪನಿಯಲ್ಲಿ ಶಿವಶರಣಪ್ಪನನ್ನು ಕಂಡರೆ ಆಗದವರೇ ಹೆಚ್ಚು. ಆತನಿಗೂ ಅವರನ್ನು ಕಂಡರೆ ಆಗುತ್ತಿರಲಿಲ್ಲ. ಆಳಂದದ ಕಡೆಯಿಂದ ಬಂದು, ಮೂವತ್ತು ವರ್ಷ ತೆರೆದ ಕಲ್ಲಿದ್ದಲು ಗಣಿಗಳಲ್ಲಿ ಅಗೆಯುವ ಯಂತ್ರ ನಡೆಸಿ, ಬೆನ್ನು ಕೈಕೊಟ್ಟ ಮೇಲೆ ಆಫೀಸು ಸೇರಿದವನು. ಹೊಸ ಯಂತ್ರ ಕೊಳ್ಳುವ ಕಾಗದದ ಮೇಲೆ ಆತನ ಸಹಿ ಬೇಕಿತ್ತು; ಹಳೇ ಆಪರೇಟರ್ ಒಪ್ಪಿದ್ದಾನೆಂದು ತೋರಿಸಲಿಕ್ಕೆ.

ಈ ಸಲ ಯಂತ್ರ ಆರಿಸಿದವನು ಮ್ಯಾನೇಜರ್ ಯಶವಂತ. ಗಣಿಯ ಧೂಳನ್ನು ಬೂಟಿಗೂ ತಾಗಿಸಿಕೊಳ್ಳದ ಮಹಾನುಭಾವ. ಅವನ ಕಾಗದವನ್ನು ಎರಡು ಸಲ ಓದಿದ ಶಿವಶರಣಪ್ಪನಿಗೆ ಮೈಯೆಲ್ಲ ಉರಿಯಿತು.

“ಇಂಥಾ ಮಷೀನ್ ಭೂಮಿ ಮ್ಯಾಲ ಎಲ್ಲಿ ಸಿಗತೈತ್ರಿ, ಸಾಹೇಬ್ರ?”

“ಯಾಕ, ಕ್ಯಾಟಲಾಗ್‌ನ್ಯಾಗ ಐತಲ್ಲ.”

“ಅಗೆಯೋ ಬಕೆಟ್ ಕ್ಯಾಟಲಾಗಿನ ಒಂದು ಸಾಲಿನ್ಯಾಗಿಂದು ತಗೊಂಡೀರಿ, ಉದ್ದ ತೋಳು ಇನ್ನೊಂದು ಸಾಲಿನ್ಯಾಗಿಂದು. ಈ ದೊಡ್ಡ ಬಕೆಟ್ ಗಿಡ್ಡ ತೋಳಿಗಷ್ಟ ಕೂಡತೈತಿ. ಅದು ಒಂಬತ್ತು ಮೀಟರ್ ಸುದ್ದಾ ಮುಟ್ಟಂಗಿಲ್ಲ. ಕಲ್ಲಿದ್ದಲ ಗೋಡಿ ಹತ್ತು ಮೀಟರ್ ಐತಿ. ಮ್ಯಾಲ ಉಳದದ್ದು ಯಾರು ಕೆಡವತಾರ?”

ಯಾರೂ ಕೆಡವುವುದಿಲ್ಲ, ತಾನೇ ಬೀಳುತ್ತದೆ. ಹಾಗೆ ಬಿದ್ದದ್ದರ ಕೆಳಗಿಂದ ಗೆಳೆಯ ಬೂದೆಪ್ಪನ ಹೆಣವನ್ನು ಶಿವಶರಣಪ್ಪ ಕೈಯಾರೆ ಎಳೆದು ತೆಗೆದಿದ್ದ.

ತಪ್ಪು ಯಶವಂತನಿಗೂ ತಿಳಿಯಿತು. ಆದರೆ ಯಂತ್ರ ನಿಶ್ಚಯವಾಯಿತೆಂದು ಆಗಲೇ ಮಾಲೀಕರ ಮುಂದೆ ಮೀಸೆ ತಿರುವಿ ಬಂದಿದ್ದ. ಮಾತು ಹಿಂದಕ್ಕೆ ತೆಗೆದುಕೊಂಡರೆ ಇವನ ಮರ್ಯಾದೆ ಹೋಗುತ್ತದೆ. ತೆಗೆದುಕೊಳ್ಳದಿದ್ದರೆ ಹೋಗುವುದು ಇನ್ನೊಬ್ಬನ ಜೀವ ತಾನೆ!

“ಸುಮ್ಮನ ಸಹಿ ಹಾಕ್ರಿ. ಅದನ್ನ ನಡಸಾಂವ ನಿಮ್ಮ ಅಳಿಯ ಗುರುಬಸವ. ನೀವು ಒಲ್ಲೆ ಅಂದ್ರ ಅವಗ ಕೆಲಸನೂ ಇಲ್ಲ.”

ಶಿವಶರಣಪ್ಪ ಪೆನ್ನು ತೆಗೆದ. ‘ಈ ಬಕೆಟ್ಟಿಗೆ ಕೂಡುವ ತೋಳು ಗೋಡೆಯ ತುದಿ ಮುಟ್ಟುವುದಿಲ್ಲ. ನಡೆಸುವವನು ಸಾಯುತ್ತಾನೆ’ ಎಂದು ದಪ್ಪಕ್ಷರದಲ್ಲಿ ಬರೆದು, ಅದರ ಕೆಳಗೆ ಸಹಿ ಹಾಕಿದ.

ಅಂಥ ಕಾಗದವನ್ನು ಮುಂದಕ್ಕೆ ಕಳಿಸುವ ಎದೆ ಯಶವಂತನಿಗಿರಲಿಲ್ಲ. ಹಲ್ಲು ಕಡಿಯುತ್ತ ಉದ್ದ ತೋಳಿನ, ಸಣ್ಣ ಬಕೆಟ್ಟಿನ ಯಂತ್ರವನ್ನೇ ತರಿಸಿದ. ಸೇಡಿಗೆ ಅದೇ ವಾರ ಗುರುಬಸವನನ್ನು ಕೆಲಸದಿಂದ ಕಿತ್ತುಹಾಕಿದ.

ಶಿವಶರಣಪ್ಪ ಲಿಂಗಂಪಲ್ಲಿಗೆ ಮಗಳ ಮನೆಗೆ ಹೋದ. ರಶ್ಮಿ ಒಳಗೂ ಕರೆಯಲಿಲ್ಲ.

“ಒಂದು ಸಹಿ ಹಾಕಿದ್ರ ನಿನ್ನ ಗಂಟೇನು ಹೋಗತಿತ್ತಪ್ಪಾ? ನನ್ನ ಗಂಡನ ಅನ್ನ ಕಸ್ಕೊಂಡಿ.”

ತೋಳು, ಗೋಡೆ ಎಂದು ಹೇಳಹೋದವನ ಮುಖದ ಮೇಲೆಯೇ ಬಾಗಿಲು ಬಿತ್ತು. “ಈ ಮುದುಕ ಇನ್ನೊಮ್ಮೆ ನನ್ನ ಹೊಸ್ತಿಲ ತುಳದ್ರ ಕಾಲು ಮುರೀತೀನಿ!” ಎಂದು ಗುರುಬಸವ ಒಳಗಿಂದ ಓಣಿಗೆಲ್ಲ ಕೇಳುವಂತೆ ಒದರಿದ. ಬಾಯಿಗೆ ಬಂದಂತೆ ಬೈಯತೊಡಗಿದ.

ಶಿವಶರಣಪ್ಪ ಹೊರಟುಹೋಗಲಿಲ್ಲ. ಮೆಟ್ಟಿಲ ಮೇಲೆ ಕೂತು ಕೊನೆಯ ಬೈಗುಳದವರೆಗೂ ಕೇಳಿದ. ಅವಮಾನಕ್ಕೆ ಕಣ್ಣು ತುಂಬಿ ಬಂದಿತ್ತು.

“ಬೈಲಿ,” ಎಂದುಕೊಂಡ. “ಜೀವ ಇದ್ದು ಬೈಲಿ.”